ಕಾರ್ಬನ್ ಫೈಬರ್ ಸೈಕಲ್‌ಗೆ ಹಸಿರು ದೀಪ ಬರಬೇಕಾದರೆ

ಬೆಳಗಿನ ಐದೂವರೆಗೆ ಸಿಗ್ನಲ್ ಬಳಿ ಎಡ ತಿರುವಿನ ಲೇನಿನಲ್ಲಿ ಕಾರ್ಬನ್ ಫೈಬರ್ ಸೈಕಲ್ ಹಿಡಿದು ನೀವೊಬ್ಬರೇ ನಿಂತಿದ್ದಿರಿ, ಎದುರಿನವರಿಗೆ ಮೂರು ಸಲ ಹಸಿರು ಬಂದು ಹೋದರೂ ನಿಮ್ಮ ಬಾಣ ಕೆಂಪಾಗಿಯೇ ಇತ್ತು, ಏನು ಮಾಡಲಿ ಅಂತ ಬರೆದಿದ್ದೀರಿ. ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಗೆ ಬಂದ ಹೊಸತರಲ್ಲಿ ನನಗೂ ಇದೇ ಗತಿ. ಬೆಂಗಳೂರಿನಲ್ಲಿ ಸೈಕಲ್ ಹೊಡೆಯುವಾಗ ಸಿಗ್ನಲ್‌ಗೆ ನಾನು ಕಂಡೆನೋ ಇಲ್ಲವೋ ಅಂತ ಯೋಚಿಸಿದ್ದೇ ಇಲ್ಲ, ಅಲ್ಲಿ ಒಬ್ಬನೇ ನಿಂತಿದ್ದರೆ ತಾನೇ!

ಮೊದಲು, ಸಿಗ್ನಲ್‌ಗೆ ಕಾಣಲಿ ಅಂತ ಸೈಕಲ್ಲಿಗೆ ಅಯಸ್ಕಾಂತ ಅಂಟಿಸಿ ಎಂದು ಇನ್ನೊಬ್ಬರು ನಿಮಗೆ ಹೇಳಿದ ಉಪಾಯ ಬಿಡಿ, ಸುಮ್ನೆ ದುಡ್ಡು ದಂಡ. ಸಿಗ್ನಲ್ ನಿಮ್ಮನ್ನು ಗುರುತಿಸುವುದಕ್ಕೂ ತೂಕಕ್ಕೂ ಸಂಬಂಧವಿಲ್ಲ. ಲೇನಿನಲ್ಲಿ ಗಾಡಿ ಬಂದು ನಿಂತಿದೆಯೇ ಅಂತ ತಿಳಿಯಲು ರಸ್ತೆ ಕೊಯ್ದು ಒಳಗೆ ಮೂರ್ನಾಲ್ಕು ಸುತ್ತು ತಂತಿ ಹೂತು ಮೇಲೆ ಟಾರು ತುಂಬಿರುತ್ತಾರೆ. ಚೌಕವೋ ದುಂಡೋ ಕಪ್ಪು ಗೀಟು ಕಾಣುತ್ತದೆ, ಸಾಮಾನ್ಯವಾಗಿ ಆರಡಿ ಅಗಲ. ಅದರಲ್ಲಿ ಸೆಕೆಂಡಿಗೆ ಹತ್ತಾರು ಸಾವಿರ ಸಲ ದಿಕ್ಕು ಬದಲಿಸುವ ಕರೆಂಟ್ ಹರಿಯುತ್ತದೆ. ಮೇಲೆ ಲೋಹದ ಬಳೆ, ಅಂದರೆ ಚಕ್ರದ ರಿಮ್, ಬಂದರೆ ಆ ಬಳೆಯಲ್ಲೂ ಕರೆಂಟ್ ಹುಟ್ಟಿ, ನೆಲದ ತಂತಿಯ ಇಂಡಕ್ಟೆನ್ಸ್ (ಕರೆಂಟಿನ ಏರಿಳಿತವನ್ನು ತಡೆಯುವ ಗುಣ) ಒಂಚೂರು ಇಳಿಯುತ್ತದೆ. ಸಿಗ್ನಲ್ ಪೆಟ್ಟಿಗೆ ಗಮನಿಸುವುದು ಇದನ್ನೇ. ಹಾಗಾಗಿ ಕಬ್ಬಿಣವೇ ಬೇಕೆಂದಿಲ್ಲ, ಅಲ್ಯೂಮಿನಿಯಂ ರಿಮ್ ಇದ್ದರೆ ಇನ್ನೂ ಒಳ್ಳೆಯದು. ನಿಮ್ಮ ತೊಂದರೆ ಫ್ರೇಮ್‌ನದ್ದಕ್ಕಿಂತ ಜಾಸ್ತಿ ಲೋಹವಲ್ಲದ ಆ ಕಾರ್ಬನ್ ರಿಮ್‌ಗಳದ್ದು.

ಎಲ್ಲಿ ನಿಲ್ಲುತ್ತೀರಿ ಅನ್ನುವುದೂ ಮುಖ್ಯ. ಎಲ್ಲರೂ ಚೌಕದ ನಡುವೆ ನಿಲ್ಲುತ್ತಾರೆ, ಅದೇ ತಪ್ಪು. ಅಲ್ಲಿ ಕಾಂತಕ್ಷೇತ್ರ ನೆಲದಿಂದ ನೆಟ್ಟಗೆ ಮೇಲೇಳುತ್ತದೆ, ನೆಟ್ಟಗೆ ನಿಂತ ಚಕ್ರದ ಪಕ್ಕದಲ್ಲೇ ಜಾರಿಹೋಗುತ್ತದೆ, ಬಳೆಯೊಳಗೆ ತೂರುವುದಿಲ್ಲ. ಗೀಟಿನ ಮೇಲೆ ಮಾತ್ರ ಅದು ಅಡ್ಡ ಮಲಗಿರುತ್ತದೆ. ಆದ್ದರಿಂದ ಪಕ್ಕದ ಗೀಟಿನ ಉದ್ದಕ್ಕೆ ಎರಡೂ ಚಕ್ರ ಬರುವಂತೆ ನಿಲ್ಲಿ. ಚೌಕದ ನಡುವೆ ಇನ್ನೊಂದು ಉದ್ದ ಗೀಟಿದ್ದರೆ ಅದರ ಮೇಲೆ ನಿಲ್ಲಿ, ಅದು ಇನ್ನೂ ಬಲವಾದದ್ದು. ನೆಲದ ಮೇಲೆ ಪುಟ್ಟ ಸೈಕಲ್ ಸವಾರನ ಚಿತ್ರ ಬರೆದಿದ್ದರೆ ಯೋಚನೆಯೇ ಬೇಡ, ಚಕ್ರ ಅಲ್ಲೇ ಇಡಿ.

ಇಷ್ಟಾದರೂ ಆಗದಿದ್ದರೆ ಬಳೆಯನ್ನು ನೀವೇ ತೊಡಿಸಿ. ಟಯರ್ ಬಿಚ್ಚಿ, ರಿಮ್ ಟೇಪಿನ ಕೆಳಗೆ ತೆಳು ತಾಮ್ರದ ತಂತಿ ಒಂದು ಸುತ್ತು ಹಾಕಿ ಎರಡು ತುದಿಗಳನ್ನೂ ಒಂದಕ್ಕೊಂದು ಸೇರಿಸಿ ಬೆಸುಗೆ ಹಾಕಿ. ನಾನು ಮೊದಲ ಸಲ ಅಲ್ಯೂಮಿನಿಯಂ ಟೇಪು ಸುತ್ತಿ ಬಿಟ್ಟಿದ್ದೆ. ತುದಿಯ ಮೇಲೆ ತುದಿ ಕೂತರೂ ನಡುವೆ ಗೋಂದು ಇತ್ತಲ್ಲ, ಬಳೆ ಮುಚ್ಚಿಕೊಳ್ಳಲೇ ಇಲ್ಲ, ಎರಡು ವಾರ ತಲೆ ಕೆರೆದುಕೊಂಡೆ. ಟ್ಯೂಬ್‌ಲೆಸ್ ಆದರೆ ತಂತಿಯ ಉಬ್ಬಿನಲ್ಲಿ ಗಾಳಿ ಸೋರುತ್ತದೆ, ಹುಷಾರು.

ನೀವು ಬರೆದ ಇನ್ನೊಂದು, ಅಂದರೆ ನಿಮ್ಮ ಗೆಳೆಯರ ಫೈಬರ್ ಮೈಯ ಮೂರು ಗಾಲಿ ಗಾಡಿಗೆ ಇದು ಇನ್ನೂ ಸುಲಭ. ಹೊಟ್ಟೆಯ ತಳಕ್ಕೆ, ನೆಲಕ್ಕೆ ಆದಷ್ಟು ಹತ್ತಿರ, ತಳದಷ್ಟೇ ದೊಡ್ಡ ತಂತಿಯ ಸುತ್ತು ಅಂಟಿಸಿ ಬೆಸೆಯಲಿ. ಅಡ್ಡ ಮಲಗಿದ ಬಳೆ ಆದ್ದರಿಂದ ಅವರು ಮಾತ್ರ ಚೌಕದ ನಡುವೆಯೇ ನಿಲ್ಲಬೇಕು.

ಕಂಬದ ಮೇಲೆ ಕ್ಯಾಮೆರಾ ಇರುವ ಸಿಗ್ನಲ್‌ನಲ್ಲಿ ಇದ್ಯಾವುದೂ ನಡೆಯುವುದಿಲ್ಲ. ಅಲ್ಲಿ ನಿಲ್ಲುವ ಗೆರೆಯ ಹಿಂದೆ, ಲೇನಿನ ನಡುವೆ, ಲೈಟ್ ಹಾಕಿಕೊಂಡು ನಿಲ್ಲಿ.

ಆಮೇಲೆ ನಗರದವರಿಗೆ ದೂರು ಕೊಡಿ, ಸಂಕೋಚ ಬೇಡ. ಹೊಸದಾಗಿ ಹಾಕುವ ಸೆನ್ಸರ್‌ಗಳು ಸೈಕಲ್ಲನ್ನೂ ಗುರುತಿಸಬೇಕು ಅಂತ ಕ್ಯಾಲಿಫೋರ್ನಿಯಾದಲ್ಲಿ 2007ರಲ್ಲೇ ಕಾನೂನಾಗಿದೆ. ಹಳೆಯದಾದರೂ ಪೆಟ್ಟಿಗೆಯೊಳಗೆ ಸೂಕ್ಷ್ಮತೆ ಹೆಚ್ಚಿಸುವ ಸ್ವಿಚ್ ಇರುತ್ತದೆ. ಯಾವ ಮೂಲೆ, ಯಾವ ಲೇನ್, ಎಷ್ಟು ಗಂಟೆ ಅಂತ ಬರೆಯಿರಿ. ಅಲ್ಲಿಯವರೆಗೆ ಸೈಕಲ್ ತಳ್ಳಿಕೊಂಡು, ಪಾದಚಾರಿಗಳ ಗುಂಡಿ ಒತ್ತಿ, ಎರಡು ಸಲ ದಾಟುವುದೇ ಗತಿ.