20 ನಿಮಿಷಕ್ಕೇ ನಿಲ್ಲುವ ಮೋವರ್: ಮೊದಲು ಟ್ಯಾಂಕಿನ ಮುಚ್ಚಳ ನೋಡಿ

ಕೂತು ಓಡಿಸುವ ಮೋವರ್ 20 ನಿಮಿಷ ಹುಲ್ಲು ಕತ್ತರಿಸಿ ನಿಲ್ಲುತ್ತದೆ, ತಣ್ಣಗಾದರೆ ಮತ್ತೆ ಸ್ಟಾರ್ಟ್ ಆಗುತ್ತದೆ ಅಂದಿದ್ದೀರಿ, ಅಲ್ವಾ? ಸುಮ್ನೆ ಕಾರ್ಬ್ಯುರೇಟರ್ ಬಿಚ್ಚಬೇಡಿ. ಮೊದಲು ಪೆಟ್ರೋಲ್ ಟ್ಯಾಂಕಿನ ಮುಚ್ಚಳ ನೋಡಿ. ಎಷ್ಟೋ ಮೋವರ್‌ಗಳಲ್ಲಿ ಗಾಳಿ ಒಳಗೆ ಹೋಗಲು ಅದರಲ್ಲೇ ಸಣ್ಣ ತೂತು ಇರುತ್ತದೆ. ಅದು ಕಟ್ಟಿಕೊಂಡರೆ ಖಾಲಿಯಾದ ಜಾಗಕ್ಕೆ ಗಾಳಿ ಬರುವುದಿಲ್ಲ, ಪೆಟ್ರೋಲ್ ಇಂಜಿನ್‌ಗೆ ಹೋಗುವುದೂ ನಿಲ್ಲುತ್ತದೆ. ಇಂಜಿನ್ ನಿಂತ ಕೂಡಲೇ ಮುಚ್ಚಳ ಮೆಲ್ಲಗೆ ಸಡಿಲಿಸಿ. ಬಿಸಿ ಇಂಜಿನ್ ಮೇಲೆ ಪೆಟ್ರೋಲ್ ಚೆಲ್ಲೀತು, ಹುಷಾರು. ಉಸ್ ಅಂತ ಗಾಳಿ ಎಳೆದುಕೊಂಡು ತಕ್ಷಣ ಸ್ಟಾರ್ಟ್ ಆದರೆ ಕಳ್ಳ ಸಿಕ್ಕಿಬಿದ್ದ ಹಾಗೆ.

ಆಗಲಿಲ್ಲವಾ? ಸ್ಪಾರ್ಕ್ ನೋಡಿ. ಬಿಸಿಯಿದ್ದಾಗ ಕಿಡಿ ಇಲ್ಲದೆ, ತಣ್ಣಗಾದಾಗ ಬಂದರೆ ಇಗ್ನಿಷನ್ ಕಾಯಿಲ್ (ಕಿಡಿಗೆ ಕರೆಂಟ್ ಕೊಡುವ ಭಾಗ) ಮೇಲೇ ನನಗೆ ಜಾಸ್ತಿ ಅನುಮಾನ. ಗಾಡಿ ಕುಲುಕಿದಾಗ ಮಾತ್ರ ನಿಂತರೆ, ನೀವು ಕೂತಿದ್ದೀರಾ ಅಂತ ತಿಳಿಯುವ, ಸೀಟಿನ ಕೆಳಗಿನ ಸ್ವಿಚ್ ನೋಡಿ. ಅದನ್ನು ಬೈಪಾಸ್ ಮಾತ್ರ ಮಾಡಬೇಡಿ. ನೀವು ಕೆಳಗೆ ಬಿದ್ದರೆ ಬ್ಲೇಡ್ ನಿಲ್ಲಿಸುವುದು ಅದೇ.