ಕೀರ್ದಿ ಬರೆಯದೆ ಮಲಗಬೇಡಿ

ಗದಗ-ಬೆಟಗೇರಿಯ ಓದುಗರೊಬ್ಬರ ಪತ್ರ: ಮನೆಯಲ್ಲೇ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಮಾಡಿ ಮಾರುತ್ತೇನೆ. ನಸುಕಿನಲ್ಲಿ ಎದ್ದು ಒಲೆ ಹಚ್ಚುವುದು ತಪ್ಪಿಲ್ಲ. ಆದರೆ ಲೆಕ್ಕ ಬರೆಯುವುದು ನಾಲ್ಕು ದಿನ ನಡೆದರೆ ಹತ್ತು ದಿನ ನಿಲ್ಲುತ್ತದೆ. ಮದುವೆ, ಜಾತ್ರೆ ಬಂದರೆ ಗಿರಾಕಿಗಳಿಗೆ ಹೇಳದೆ ಕೆಲಸ ನಿಲ್ಲಿಸಿಬಿಡುತ್ತೇನೆ. ದುಡ್ಡು ಕೊಟ್ಟು ಹುಬ್ಬಳ್ಳಿಯಲ್ಲಿ ಒಂದು ಶಿಬಿರಕ್ಕೂ ಹೋಗಿಬಂದೆ. ಆ ಹುರುಪು ತಿಂಗಳೂ ಉಳಿಯಲಿಲ್ಲ. ‘ವ್ಯಾಪಾರಕ್ಕೆ ಬೇಕಾದ್ದು ಚುರುಕು, ಶಿಸ್ತೆಲ್ಲ ನೌಕರಿಯವರಿಗೆ’ ಅನ್ನುತ್ತಾನೆ ನನ್ನ ತಮ್ಮ. ದೊಡ್ಡ ಕಂಪನಿಯೊಂದರ ಕ್ಯಾಂಟೀನಿನಿಂದ ಮೂರು ತಿಂಗಳ ಬಿಲ್ಲು ಬೇರೆ ಬರಬೇಕಿದೆ. ನನ್ನಂಥವರಿಗೆ ಶಿಸ್ತು ಬರುತ್ತದೆಯೇ?

ಸಂಪಾದಕರ ಉತ್ತರ:

ತಂಗಿ, ನಿಮಗೆ ಶಿಸ್ತಿಲ್ಲ ಅಂತ ಯಾರು ಹೇಳಿದರು? ಜೋಳದ ಹಿಟ್ಟು ಹಳೆಯದಾದರೆ ಜಿಗುಟು ಹೋಗುತ್ತದೆ, ಬಡಿಯುವಾಗ ಅಂಚು ಬಿರಿಯುತ್ತದೆ. ಅದಕ್ಕೇ ನೀವು ಬೇಕಾದಷ್ಟೇ ಬೀಸಿಸಿ ತರುತ್ತೀರಿ. ಎಸರು ಕುದಿಯದೆ ಹಿಟ್ಟು ಹಾಕುವುದಿಲ್ಲ. ತೆಳ್ಳಗೆ ಬಡಿದು, ಬೇಯಿಸಿ, ಗರಿಗರಿಯಾಗುವ ತನಕ ಕಾಯುತ್ತೀರಿ. ಬೇಸರ ಬಂದ ದಿನವೂ ಇದನ್ನು ಬಿಡುವುದಿಲ್ಲ. ಬಿಟ್ಟರೆ ರೊಟ್ಟಿ ಕೆಡುತ್ತದೆ ಅಂತ ಗೊತ್ತು. ಲೆಕ್ಕ ಕೆಟ್ಟದ್ದು ಮಾತ್ರ ಅವತ್ತೇ ಕಾಣುವುದಿಲ್ಲ, ಅದಕ್ಕೇ ಅಲ್ಲಿ ಸಡಿಲ ಬಿಟ್ಟಿದ್ದೀರಿ.

ನಿಮ್ಮ ತಮ್ಮನ ಮಾತಿನಲ್ಲೂ ಒಂದಿಷ್ಟು ಹುರುಳಿದೆ. ಬ್ಯಾಡಗಿ ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ಖರೀದಿಗೆ ನಿಂತವರಿಗೆ ಚುರುಕು ಬೇಕೇ ಬೇಕು. ಕಾಯಿಯ ಬಣ್ಣ, ಸುಕ್ಕು, ತೇವ ನೋಡಿ ದರ ಎಷ್ಟು ಅಂತ ಅಲ್ಲೇ ತೀರ್ಮಾನಿಸಬೇಕು. ಆದರೆ ಸಂಜೆ ಚೀಲ ಎಣಿಸಿ, ತೂಕ ತಾಳೆ ನೋಡಿ ಪುಸ್ತಕಕ್ಕೆ ಏರಿಸದಿದ್ದರೆ ಬೆಳಗಿನ ಚುರುಕಿನಿಂದ ಏನು ಬಂತು? ಇದನ್ನು ತಮ್ಮನಿಗೆ ಕೇಳಿ.

ಹುಬ್ಬಳ್ಳಿಯ ದುರ್ಗದ ಬೈಲಿನ ಸುತ್ತಮುತ್ತ ರಾತ್ರಿ ಅಂಗಡಿ ಮುಚ್ಚುವ ಹೊತ್ತಿಗೆ ಒಮ್ಮೆ ನಿಂತು ನೋಡಿ. ಹಳೆಯ ಅಂಗಡಿಗಳಲ್ಲಿ ಶಟರ್ ಅರ್ಧ ಇಳಿದಿರುತ್ತದೆ. ಸಾಹುಕಾರರು ಗಲ್ಲಾದ ನೋಟು ಎಣಿಸಿ, ಫೋನಿಗೆ ಬಂದ ಹಣ ಬೇರೆ ಬರೆದು, ಉದ್ರಿ ಬೇರೆ ಬರೆದು, ಕೀರ್ದಿಯ, ಅಂದರೆ ದಿನದ ಲೆಕ್ಕದ ಪುಸ್ತಕದ, ಶಿಲ್ಕು (ಉಳಿದ ಮೊತ್ತ) ತೆಗೆಯುತ್ತಾರೆ. ಇಪ್ಪತ್ತು ರೂಪಾಯಿ ತಾಳೆಯಾಗದಿದ್ದರೂ ಏಳುವುದಿಲ್ಲ. ಚಹಾದವನಿಗೆ ಕೊಟ್ಟದ್ದು ನೆನಪಾಗುವ ತನಕ ಕೂತೇ ಇರುತ್ತಾರೆ. ಇಪ್ಪತ್ತು ರೂಪಾಯಿಗೆ ಇಷ್ಟು ಒದ್ದಾಟವೇ ಅನ್ನಬೇಡಿ. ಸಣ್ಣದು ಅಂತ ಒಂದು ದಿನ ಬಿಟ್ಟರೆ, ಯಾವ ಗಿರಾಕಿ ಎಷ್ಟು ಕೊಡಬೇಕು ಅನ್ನುವುದೂ ನಾಲ್ಕು ದಿನದಲ್ಲಿ ಮರೆತುಹೋಗುತ್ತದೆ. ದೀಪಾವಳಿಗೆ ಲೆಕ್ಕದ ಪುಸ್ತಕಕ್ಕೆ ಅರಿಸಿನ-ಕುಂಕುಮ ಏರಿಸಿ ಪೂಜೆ ಮಾಡುವ ಸೀಮೆ ನಮ್ಮದು. ಆ ಪುಸ್ತಕ ಕಾರ್ತಿಕ ಮುಗಿಯುವುದರೊಳಗೆ ಮೂಲೆ ಸೇರಿದರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಮದುವೆಗೆ ಹೋಗಿ, ಯಾರು ಬೇಡ ಅಂದರು? ಎರಡು ದಿನ ಮೊದಲೇ ಗಿರಾಕಿಗಳಿಗೆ ತಿಳಿಸಿ. ಅವರ ಮನೆಯ ಊಟ ನಿಮ್ಮ ರೊಟ್ಟಿಯನ್ನು ನಂಬಿಕೊಂಡಿರುತ್ತದೆ, ಅಲ್ವಾ?

ನಿಮ್ಮೂರಿನ ಹತ್ತಿರವೇ ಕಣಗಿನಹಾಳ ಇದೆ. ದೇಶದ ಮೊದಲ ಕೃಷಿ ಸಹಕಾರ ಸಂಘ 1905ರಲ್ಲಿ ಅಲ್ಲಿ ಹುಟ್ಟಿತು, ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳುತನದಲ್ಲಿ. ಒಬ್ಬ ರೈತ ಹೇಳಿದ ದಿನಕ್ಕೆ ಸಾಲ ತೀರಿಸಿದರೆ ತಾನೇ ಸಂಘ ಇನ್ನೊಬ್ಬರಿಗೆ ಕೊಡುವುದು? ಇಲ್ಲಿ ಒಬ್ಬರು ದಿನ ತಪ್ಪಿಸಿದರೆ ಪಕ್ಕದ ಹೊಲದ ಬಿತ್ತನೆ ತಡವಾಗುತ್ತದೆ.

ಶಿಬಿರಕ್ಕೆ ಕೊಟ್ಟ ದುಡ್ಡು ಹೋಯಿತು, ಬಿಡಿ. ನಸುಕಿನಲ್ಲಿ ಏಳಿ ಅಂತ ರೊಟ್ಟಿ ಬಡಿಯುವ ಹೆಣ್ಣುಮಗಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಅವತ್ತು ಅದೇ ಹುಬ್ಬಳ್ಳಿಯ ಬೆಂಗೇರಿಗೆ ಹೋಗಿದ್ದರೆ ಚೆನ್ನಾಗಿತ್ತು. 1957ರಲ್ಲಿ ಶುರುವಾದ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘದವರು ಅಲ್ಲಿ ಖಾದಿಯ ರಾಷ್ಟ್ರಧ್ವಜ ತಯಾರಿಸುತ್ತಾರೆ. ಒಂಬತ್ತು ಅಳತೆಗಳು, ಎಲ್ಲಕ್ಕೂ ಉದ್ದ-ಅಗಲ 3:2. ಚಕ್ರದ 24 ಗೆರೆಗಳು ಬಟ್ಟೆಯ ಎರಡೂ ಬದಿಗೆ ಒಂದೇ ಜಾಗದಲ್ಲಿ ಕೂರಬೇಕು. ನೂಲಿನ ಎಣಿಕೆ, ಬಣ್ಣ, ಹೊಲಿಗೆ ಎಲ್ಲಕ್ಕೂ ತಪಾಸಣೆ ಇದೆ. ದುಡಿಯುವವರಲ್ಲಿ ಹೆಣ್ಣುಮಕ್ಕಳೇ ಜಾಸ್ತಿ. ಶಿಸ್ತಿನ ಬಗ್ಗೆ ಭಾಷಣ ಮಾಡಲು ಅವರನ್ನು ಯಾರಾದರೂ ವೇದಿಕೆಗೆ ಕರೆದದ್ದನ್ನು ನಾನು ಕಂಡಿಲ್ಲ. 2021ರ ಡಿಸೆಂಬರಿನಲ್ಲಿ ಧ್ವಜ ಸಂಹಿತೆ ತಿದ್ದಿ, ಯಂತ್ರದಲ್ಲಿ ತಯಾರಾದ ಪಾಲಿಯೆಸ್ಟರ್ ಧ್ವಜಕ್ಕೂ ಒಪ್ಪಿಗೆ ಕೊಟ್ಟರು. ಇಷ್ಟು ಕಟ್ಟುನಿಟ್ಟಾಗಿ ದುಡಿದವರಿಗೆ ಕೊಡುವ ಮರ್ಯಾದೆ ಇದೇನಾ? ಆ ಸಿಟ್ಟು ನನಗಿನ್ನೂ ಇಳಿದಿಲ್ಲ.

ನಿಮ್ಮ ಬಿಲ್ಲಿನ ಕಥೆಯೂ ಇದೇ ಜಾತಿಯದು. ಸಣ್ಣ ಅಂಗಡಿಯವರು ಜಿಎಸ್‌ಟಿ ರಿಟರ್ನ್ ತಡ ಮಾಡಿದರೆ ದಿನಕ್ಕೆ 50 ರೂಪಾಯಿ ದಂಡ. ದೊಡ್ಡ ಕಂಪನಿ ಮೂರು ತಿಂಗಳು ಹಣ ಕೊಡದೆ ಸುಮ್ನೆ ಕೂತರೆ ಕೇಳುವವರಿಲ್ಲ. ಶಿಸ್ತು ಬರೀ ಬಡವರ ಪಾಲಿಗೆ ಯಾಕೆ? ಕಾಯ್ದೆಯೇನೋ ಇದೆ. ಕಿರು, ಸಣ್ಣ ಉದ್ಯಮಗಳಿಗೆ ಒಪ್ಪಂದವಿದ್ದರೆ ಹೆಚ್ಚೆಂದರೆ 45 ದಿನ, ಇಲ್ಲದಿದ್ದರೆ 15 ದಿನದೊಳಗೆ ಹಣ ಕೊಡಬೇಕು ಅನ್ನುತ್ತದೆ 2006ರ ಎಂಎಸ್‌ಎಂಇಡಿ ಕಾಯ್ದೆ (ಕಿರು, ಸಣ್ಣ, ಮಧ್ಯಮ ಉದ್ಯಮಗಳ ಅಭಿವೃದ್ಧಿ ಕಾಯ್ದೆ). ತಪ್ಪಿದರೆ ರಿಸರ್ವ್ ಬ್ಯಾಂಕ್ ಪ್ರಕಟಿಸುವ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ ಕೊಡಬೇಕು. ಆದರೆ ಯಾವ ದಿನ ಎಷ್ಟು ರೊಟ್ಟಿ ಹೋಯಿತು ಅಂತ ನೀವು ತೋರಿಸಬೇಕು. ಬರೆಯದ ಹತ್ತು ದಿನಗಳು ಅಲ್ಲೇ ನಿಮ್ಮನ್ನು ಹಿಡಿಯುವುದು.

ಇವತ್ತು ರಾತ್ರಿಯೇ ಕ್ಯಾಂಟೀನಿನ ಚೀಟಿಗಳನ್ನು ದಿನಾಂಕದ ಪ್ರಕಾರ ಜೋಡಿಸಿ. ಸಿಕ್ಕಷ್ಟನ್ನು ಹೊಸ ಪುಸ್ತಕಕ್ಕೆ ಏರಿಸಿ. ಸಣ್ಣ ಉದ್ಯಮಗಳಿಗೆ ಸರ್ಕಾರ ಕೊಡುವ ಉದ್ಯಮ್ ನೋಂದಣಿ ಆಗಿಲ್ಲವಾದರೆ ಈ ವಾರವೇ ಮಾಡಿಸಿ, ಅದಕ್ಕೆ ಶುಲ್ಕವಿಲ್ಲ. ಮುಂದಿನ ಬಿಲ್ಲಿನ ಮೇಲೆ ಆ ಸಂಖ್ಯೆ, ಹಣ ಕೊಡಬೇಕಾದ ಕೊನೆಯ ದಿನ ಎರಡನ್ನೂ ಬರೆಯಿರಿ. ಆಮೇಲೂ ಅವರು ಸತಾಯಿಸಿದರೆ ನಮಗೆ ಇನ್ನೊಂದು ಪತ್ರ ಹಾಕಿ.