‘ಇದು ತಿಂದ್ರೆ ಏನಾದ್ರೂ ಆಗುತ್ತಾ?’: ಒಂದು ಆಪ್ತಸಲಹೆ ಪ್ರಕರಣ

ಅವರು ನನ್ನ ಹತ್ತಿರ ಬಂದಾಗ ಬಸುರಿನ 15ನೇ ವಾರ ನಡೆಯುತ್ತಿತ್ತು. ಗುರುತು ಸಿಗುವಂಥ ವಿವರಗಳನ್ನೆಲ್ಲ ಬದಲಾಯಿಸಿದ್ದೇನೆ, ಬರೆಯೋದಕ್ಕೆ ಅವರ ಒಪ್ಪಿಗೆಯೂ ಇದೆ. ಇಲ್ಲಿ ಸುಧಾ ಅಂತ ಕರೆಯೋಣ. ಹೆರಿಗೆ ಡಾಕ್ಟರ್ ಕಳಿಸಿದ್ದ ಚೀಟಿಯಲ್ಲಿ ಎರಡೇ ಸಾಲು ಇತ್ತು. ವಾಂತಿ ನಿಂತಿದೆ, ಆದರೂ ತೂಕ 3 ಕಿಲೋ ಇಳಿದಿದೆ. ಊಟದ ಬಗ್ಗೆ ವಿಪರೀತ ಭಯ.

ಸುಧಾ ಕೈಯಲ್ಲಿ ಒಂದು ಚಿಕ್ಕ ನೋಟ್‌ಬುಕ್ ಇತ್ತು. ಕೆಂಪು ಪೆನ್ನಿನಲ್ಲಿ ಬರೆದದ್ದೆಲ್ಲ ‘ಬೇಡ’, ನೀಲಿಯಲ್ಲಿ ‘ಡೌಟು’, ಹಸಿರಿನಲ್ಲಿ ‘ಪರವಾಗಿಲ್ಲ’. ಕೆಂಪು ನಾಲ್ಕು ಪುಟ ತುಂಬಿತ್ತು. ಹಸಿರಿನಲ್ಲಿ ಉಳಿದಿದ್ದು ಒಂಬತ್ತೇ ಒಂಬತ್ತು. ‘ಇದರಲ್ಲೂ ಎರಡನ್ನ ಈ ವಾರ ತೆಗೀಬೇಕು ಅನ್ಸುತ್ತೆ ಮೇಡಂ’ ಅಂದರು. ಪುಟ ತಿರುಗಿಸುವಾಗ ಅವರ ಬೆರಳು ನೋಡಿದೆ. ಗೆಣ್ಣುಗಳ ಮೇಲೆ ಚರ್ಮ ಒಡೆದು ಬಿಳಿಬಿಳಿಯಾಗಿತ್ತು. ಹಣ್ಣು ತರಕಾರಿಯನ್ನು ಪಾತ್ರೆ ತೊಳೆಯುವ ಸೋಪು ಹಾಕಿ ಐದೈದು ಸಲ ತೊಳೆಯುತ್ತಿದ್ದರಂತೆ, ಆಮೇಲೆ ಕೈ, ಆಮೇಲೆ ಸಿಂಕು, ಆಮೇಲೆ ಸಿಂಕು ಮುಟ್ಟಿದ್ದಕ್ಕೆ ಮತ್ತೆ ಕೈ.

ಮೊದಲ ದಿನ ನಾನು ಜಾಸ್ತಿ ಮಾತಾಡಲಿಲ್ಲ. ಹಿಂದಿನ ದಿನ ಏನೇನು ತಿಂದಿರಿ ಅಂತಷ್ಟೇ ಕೇಳಿದೆ. ಮಧ್ಯಾಹ್ನದ ಊಟಕ್ಕೆ ಮೊಟ್ಟೆ ಬೇಯಿಸಿದ್ದರು, 25 ನಿಮಿಷ. ಸಾಲ್ಮೊನೆಲ್ಲಾ ಅನ್ನೋ ಬ್ಯಾಕ್ಟೀರಿಯಾ ಇರಬಹುದು, ಹಳದಿ ಗಟ್ಟಿಯಾಗೋವರೆಗೂ ಬೇಯಿಸಿ ಅಂತ ಎಲ್ಲೋ ಓದಿದ್ದರು, ಅದು ಸರಿಯೇ. ಆದರೆ ಅಷ್ಟು ಹೊತ್ತು ಬೇಯಿಸಿದ ಮೊಟ್ಟೆ ಒಡೆದು ನೋಡಿದರೆ ಹಳದಿ ಸುತ್ತ ಹಸಿರು ಮಿಶ್ರಿತ ಬೂದು ಬಣ್ಣದ ಉಂಗುರ. ಇದೇನೋ ವಿಷ ಅಂತ ಎತ್ತಿ ಬಿಸಾಕಿ, ಎರಡು ಬಿಸ್ಕತ್ತು ತಿಂದು ಮಲಗಿದ್ದರು. ಆ ಉಂಗುರ ವಿಷ ಅಲ್ಲ. ಬಿಳಿ ಭಾಗದ ಗಂಧಕ, ಹಳದಿಯ ಕಬ್ಬಿಣ ಎರಡೂ ಜಾಸ್ತಿ ಶಾಖಕ್ಕೆ ಸೇರಿದಾಗ ಆ ಬಣ್ಣ ಬರುತ್ತೆ, ಅಷ್ಟೇ. ಅದನ್ನು ಹೇಳಿದಾಗ ಸುಧಾ ಅತ್ತುಬಿಟ್ಟರು. ಹಸಿವಿತ್ತು ಮೇಡಂ, ತುಂಬಾ ಹಸಿವಿತ್ತು, ಅಂದರು.

ಇಂಥ ಭಯವನ್ನು ‘ಸುಮ್ನೆ ಟೆನ್ಷನ್ ಮಾಡ್ಕೋಬೇಡ’ ಅಂತ ತಳ್ಳಿಹಾಕೋದು ನನಗೆ ಸಿಟ್ಟು ತರಿಸುತ್ತೆ. ಬಸುರಿ ಅಂತ ಗೊತ್ತಾದ ದಿನದಿಂದ ಎಲ್ಲರೂ ಅವಳಿಗೆ ಕೊಡೋದು ‘ಬೇಡ’ಗಳ ಪಟ್ಟಿ. ಯಾಕೆ ಬೇಡ ಅಂತ ಹೇಳೋರು ಕಡಿಮೆ. ಕಾರಣ ಗೊತ್ತಿಲ್ಲದ ನಿಯಮಕ್ಕೆ ಎಲ್ಲಿ ನಿಲ್ಲಬೇಕು ಅಂತ ಗೊತ್ತಿರಲ್ಲ. ಸುಧಾ ಕೆಂಪು ಪುಟದಲ್ಲಿ ಕ್ಯಾರೆಟ್ ಇತ್ತು! ವಿಟಮಿನ್ ‘ಎ’ ಜಾಸ್ತಿಯಾದರೆ ಮಗುವಿಗೆ ಅಪಾಯ ಅಂತ ಓದಿ ಕ್ಯಾರೆಟ್ ಬಿಟ್ಟಿದ್ದರು. ಎಚ್ಚರಿಕೆ ಇರೋದು ರೆಟಿನಾಲ್ ರೂಪದ ವಿಟಮಿನ್ ‘ಎ’ ಬಗ್ಗೆ. ಅದು ಪ್ರಾಣಿಗಳ ಲಿವರ್‌ನಲ್ಲಿ, ಡಾಕ್ಟರ್ ಹೇಳದೆ ನುಂಗುವ ಕೆಲವು ಮಾತ್ರೆಗಳಲ್ಲಿ ಜಾಸ್ತಿ ಇರುತ್ತೆ. ಕ್ಯಾರೆಟ್‌ನಲ್ಲಿ ಇರೋದು ಬೀಟಾ ಕ್ಯಾರೋಟಿನ್. ದೇಹ ತನಗೆ ಬೇಕಾದಷ್ಟನ್ನೇ ಅದರಿಂದ ವಿಟಮಿನ್ ಮಾಡಿಕೊಳ್ಳುತ್ತೆ.

ಎರಡನೇ ಭೇಟಿಯಲ್ಲಿ ನಿಜವಾದ ಗಂಟು ಸಿಕ್ಕಿತು. ಹಿಂದಿನ ವರ್ಷ ಒಂದು ಗರ್ಭ 9ನೇ ವಾರದಲ್ಲಿ ನಿಲ್ಲಲಿಲ್ಲ. ಆಸ್ಪತ್ರೆಯಿಂದ ಮನೆಗೆ ಬಂದ ಸಂಜೆಯೇ ಹತ್ತಿರದ ಸಂಬಂಧಿಯೊಬ್ಬರು ‘ಏನು ತಿಂದಿದ್ದೆ?’ ಅಂತ ಕೇಳಿದ್ದರು. ಕೆಟ್ಟ ಮನಸ್ಸಿಂದ ಕೇಳಿದ್ದಲ್ಲದೇ ಇರಬಹುದು. ಆದರೆ ಆ ಎರಡು ಪದ ಸುಧಾ ಎದೆಯಲ್ಲಿ ಮುಳ್ಳಿನ ಹಾಗೆ ಉಳಿದುಬಿಟ್ಟಿತ್ತು, ನೋಟ್‌ಬುಕ್ ಶುರುವಾಗಿದ್ದೇ ಅದರಿಂದ. ಆ ವಾರ ತಿಂದದ್ದನ್ನೆಲ್ಲ ನೆನಪು ಮಾಡಿಕೊಂಡು ಮೊದಲ ಕೆಂಪು ಪುಟ ಬರೆದಿದ್ದರು.

ಹಾಗಾಗಿ ಆಹಾರದ ಮಾತು ಬದಿಗಿಟ್ಟು ಅದನ್ನೇ ಮಾತಾಡಿದೆವು. ಮೊದಲ ಮೂರು ತಿಂಗಳಲ್ಲಿ ನಿಲ್ಲದೆ ಹೋಗುವ ಗರ್ಭಗಳಲ್ಲಿ ಹೆಚ್ಚುಕಮ್ಮಿ ಅರ್ಧದಷ್ಟಕ್ಕೆ ಕಾರಣ ಕ್ರೋಮೋಸೋಮ್‌ಗಳಲ್ಲಿನ ಏರುಪೇರು. ಅದು ಗರ್ಭ ಕಟ್ಟುವ ಹೊತ್ತಿಗೇ ಆಗಿರುವ ವಿಷಯ, ತಾಯಿ ತಿಂದ ಯಾವ ತುತ್ತಿಗೂ ಸಂಬಂಧ ಇಲ್ಲ. ಇದನ್ನು ಡಾಕ್ಟರ್ ಆಗಲೇ ಹೇಳಿದ್ದರಂತೆ, ಆದರೆ ಆವತ್ತು ಕಿವಿಗೆ ಬಿದ್ದಿರಲಿಲ್ಲ. ದುಃಖದಲ್ಲಿ ಇರುವಾಗ ಬೀಳೋದೂ ಇಲ್ಲ. ‘ನಾನೇ ಏನೋ ತಪ್ಪು ಮಾಡಿದೆ ಅಂದುಕೊಂಡರೆ, ಈ ಸಲ ತಪ್ಪು ಮಾಡದೆ ಇದ್ದರೆ ಸಾಕು ಅನ್ನೋ ಧೈರ್ಯ ಸಿಗುತ್ತಲ್ವಾ?’ ಅಂತ ಕೇಳಿದೆ. ತುಂಬಾ ಹೊತ್ತು ಸುಮ್ಮನಿದ್ದು, ‘ಹೌದು, ನನ್ನ ಕೈಲಿ ಏನೂ ಇಲ್ಲ ಅಂದ್ರೆ ಅದಕ್ಕಿಂತ ಭಯ’ ಅಂದರು. ಆ ಮಾತನ್ನು ನಾನು ಅವರ ಫೈಲಿನಲ್ಲಿ ಅಡಿಗೆರೆ ಹಾಕಿ ಬರೆದಿಟ್ಟಿದ್ದೇನೆ.

ಮೂರನೇ ಸಲ ಬಂದಾಗ ಕೆಂಪು ಪುಟಗಳನ್ನು ಒಟ್ಟಿಗೆ ಕೂತು ನೋಡಿದೆವು. ಡಾಕ್ಟರ್ ಮತ್ತು ಡಯಟಿಷಿಯನ್ ಹತ್ತಿರ ಮೊದಲೇ ಮಾತಾಡಿ ಒಪ್ಪಿಗೆ ತಗೊಂಡಿದ್ದೆ, ಯಾಕೆಂದರೆ ಆಪ್ತಸಲಹೆಗಾರರು ತಾವೇ ಡಾಕ್ಟರ್ ಆಗಬಾರದು. ಪ್ರತಿಯೊಂದು ಹೆಸರಿನ ಮುಂದೆ ಒಂದೇ ಪ್ರಶ್ನೆ: ಯಾಕೆ? ಉತ್ತರ ಇದ್ದರೆ ಬರೆಯೋದು, ಇಲ್ಲದಿದ್ದರೆ ಹೊಡೆದು ಹಾಕೋದು.

ನಿಜವಾಗಿ ಉಳಿದದ್ದು ಅರ್ಧ ಪುಟ. ಮದ್ಯ ಬೇಡವೇ ಬೇಡ, ಇಷ್ಟು ಕುಡಿದರೆ ಅಪಾಯ ಇಲ್ಲ ಅನ್ನುವ ಅಳತೆ ಯಾವುದೂ ಇಲ್ಲ. ಲಿವರ್ ಬೇಡ. ಕಾಯಿಸದ, ಪ್ಯಾಶ್ಚರೈಸ್ ಮಾಡದ ಹಸಿ ಹಾಲು ಮತ್ತು ಅದರಿಂದ ಮಾಡಿದ ಮೆತ್ತನೆ ಚೀಸ್ ಬೇಡ. ಹಸಿ ಅಥವಾ ಅರೆಬೆಂದ ಮಾಂಸ, ಮೀನು, ಮೊಟ್ಟೆ, ಹಸಿ ಮೊಳಕೆಕಾಳು ಬೇಡ. ಶಾರ್ಕ್, ಕತ್ತಿಮೀನಿನಂಥ ದೊಡ್ಡ ಬೇಟೆಮೀನುಗಳು ಬೇಡ. ಚಿಕ್ಕ ಮೀನನ್ನು ದೊಡ್ಡ ಮೀನು ತಿಂದು, ಅದನ್ನು ಇನ್ನೂ ದೊಡ್ಡದು ತಿಂದು, ಪಾದರಸ ಎಲ್ಲ ಕೊನೆಗೆ ಅವುಗಳ ಮೈಯಲ್ಲೇ ಸೇರಿಕೊಂಡಿರುತ್ತೆ. ಸುಧಾ ಆ ಕಾರಣಕ್ಕೆ ಎಲ್ಲ ಮೀನನ್ನೂ ಬಿಟ್ಟಿದ್ದರು. ಪಾದರಸ ಕಡಿಮೆ ಇರೋ ಚಿಕ್ಕ ಮೀನು ವಾರಕ್ಕೆ ಎರಡು ಮೂರು ಸಲ ಚೆನ್ನಾಗಿ ಬೇಯಿಸಿ ತಿಂದರೆ ಮಗುವಿನ ಮೆದುಳಿಗೆ ಒಳ್ಳೇದೇ.

ಉಳಿದದ್ದರಲ್ಲಿ ಬಹುಪಾಲು ‘ಬೇಡ’ದ ಪಟ್ಟಿಯೇ ಅಲ್ಲ, ‘ಹೀಗೆ ಮಾಡಿ ತಿನ್ನಿ’ ಅನ್ನೋ ಪಟ್ಟಿ. ಲಿಸ್ಟೀರಿಯಾ ಅನ್ನೋ ಬ್ಯಾಕ್ಟೀರಿಯಾಗೆ ಗರ್ಭಿಣಿಯರು ಬೇರೆಯವರಿಗಿಂತ ಸುಮಾರು 10 ಪಟ್ಟು ಜಾಸ್ತಿ ಸುಲಭವಾಗಿ ಸಿಗುತ್ತಾರೆ, ಜೊತೆಗೆ ಅದು ಫ್ರಿಜ್‌ನ ಚಳಿಯಲ್ಲೂ ಬೆಳೆಯುತ್ತೆ. ಹಾಗಾಗಿ ಫ್ರಿಜ್‌ನಲ್ಲಿಟ್ಟ ಅಡುಗೆಯನ್ನು ತಣ್ಣಗೆ ತಿನ್ನಬಾರದು. ಆದರೆ ಚೆನ್ನಾಗಿ ಹೊಗೆಯಾಡುವ ಹಾಗೆ, ಒಳಗೂ 74 ಡಿಗ್ರಿ ಸೆಲ್ಸಿಯಸ್ ಮುಟ್ಟುವ ಹಾಗೆ ಬಿಸಿ ಮಾಡಿದರೆ ಅದು ಸಾಯುತ್ತೆ, ತಿನ್ನಬಹುದು. ಮಾಡಿದ ಅಡುಗೆ ಹೊರಗೆ ಎರಡು ಗಂಟೆಗಿಂತ ಜಾಸ್ತಿ ಇರಬಾರದು. ಟಾಕ್ಸೊಪ್ಲಾಸ್ಮಾ ಅನ್ನೋ ಪರಾವಲಂಬಿ ಜೀವಿ ಬರೋದು ಮಣ್ಣಿನಿಂದ, ಬೆಕ್ಕಿನ ಮಲದಿಂದ, ಅರೆಬೆಂದ ಮಾಂಸದಿಂದ. ಅದಕ್ಕೇ ತರಕಾರಿ ತೊಳೆಯಿರಿ ಅನ್ನೋದು. ತೊಳೆಯೋದು ಅಂದರೆ ಹರಿಯುವ ನೀರಿನಲ್ಲಿ ಉಜ್ಜಿ ಒಂದು ಸಲ, ಸೋಪು ಬೇಡ. ಸೋಪು ಹಣ್ಣಿನೊಳಗೇ ಇಳಿಯಬಹುದು. ಕಾಫಿ ಪೂರ್ತಿ ಬಿಡಬೇಕಿಲ್ಲ, ಕೆಫೀನ್ ದಿನಕ್ಕೆ 200 ಮಿಲಿಗ್ರಾಂ ದಾಟದಿದ್ದರೆ ಸಾಕು. ಒಂದು ಮಗ್ ಇನ್‌ಸ್ಟಂಟ್ ಕಾಫಿಯಲ್ಲಿ ಸುಮಾರು 100, ಟೀಯಲ್ಲಿ ಸುಮಾರು 75 ಇರುತ್ತೆ.

ಸುಧಾಗೆ ಇದರಿಂದ ನೆಮ್ಮದಿ ಬಂತು ಅಂದುಕೊಂಡಿರಾ? ಇಲ್ಲ, ಸಿಟ್ಟು ಬಂತು. ‘ಒಂದೊಂದು ಕಡೆ ಒಂದೊಂದು ಥರ ಹೇಳ್ತಾರೆ, ನಾನು ಯಾರನ್ನ ನಂಬಲಿ?’ ಅಂದರು. ನ್ಯಾಯವಾದ ಸಿಟ್ಟು. ಬ್ರಿಟನ್‌ನಲ್ಲಿ 1998ರಲ್ಲಿ, ಮನೆತನದಲ್ಲಿ ಅಲರ್ಜಿ ಇದ್ದರೆ ಗರ್ಭಿಣಿಯರು ಕಡಲೆಕಾಯಿ ತಿನ್ನದಿರೋದು ಒಳ್ಳೇದು ಅಂತ ಹೇಳಿದರು. 2009ರಲ್ಲಿ ಅದಕ್ಕೆ ಆಧಾರ ಸಾಲದು ಅಂತ ವಾಪಸ್ ತಗೊಂಡರು. ಅದೇ ದೇಶದಲ್ಲಿ 2017ರಿಂದ, ಅಲ್ಲಿನ ಒಂದು ಸುರಕ್ಷತಾ ಮುದ್ರೆ ಇರೋ ಮೊಟ್ಟೆಯನ್ನು ಅರೆಬೆಂದದ್ದೂ ತಿನ್ನಬಹುದು ಅಂತ ಆಯ್ತು, ಯಾಕೆಂದರೆ ಅಲ್ಲಿ ಕೋಳಿಗಳಿಗೇ ಸಾಲ್ಮೊನೆಲ್ಲಾ ಲಸಿಕೆ ಹಾಕುತ್ತಾರೆ. ಆ ಮೊಟ್ಟೆ ಸಿಗದ ಕಡೆ ಹಳೇ ನಿಯಮವೇ ಸರಿ. ಕಾರಣ ಗೊತ್ತಿದ್ದರೆ ಈ ವ್ಯತ್ಯಾಸ ಹೆದರಿಸೋದಿಲ್ಲ ಅಂತ ವಿವರಿಸಿದೆ. ಆಮೇಲೆ ಒಂದು ಒಪ್ಪಂದ ಮಾಡಿಕೊಂಡೆವು. ಫೋನಿನಲ್ಲಿದ್ದ ನಾಲ್ಕು ಆ್ಯಪ್ ಅವತ್ತೇ ತೆಗೆಯೋದು. ಹೊಸ ಡೌಟು ಬಂದರೆ ತಕ್ಷಣ ಹುಡುಕದೆ ಬರೆದಿಟ್ಟು, ಶುಕ್ರವಾರ ಸಂಜೆ ಒಂದೇ ಸಲ ಡಯಟಿಷಿಯನ್‌ಗೆ ಕಳಿಸೋದು. ಮೊದಲ ವಾರ 31 ಪ್ರಶ್ನೆ ಇತ್ತು. ಶುಕ್ರವಾರದ ಹೊತ್ತಿಗೆ ಅದರಲ್ಲಿ ಹೆಚ್ಚಿನವು ಅವರಿಗೇ ಬೇಡವಾಗಿದ್ದವು.

ಒಂದು ಪ್ರಶ್ನೆ ಮಾತ್ರ ಶುಕ್ರವಾರದವರೆಗೆ ಕಾಯುವಂಥದ್ದಾಗಿರಲಿಲ್ಲ. 7ನೇ ವಾರದಲ್ಲಿ, ಗರ್ಭ ನಿಂತಿದ್ದು ಗೊತ್ತಾಗುವ ಮೊದಲು, ಒಂದು ಸಮಾರಂಭದಲ್ಲಿ ಮೆತ್ತನೆ ಚೀಸ್ ತಿಂದಿದ್ದರು. ಯಾವ ಹಾಲಿನದ್ದೋ ಗೊತ್ತಿಲ್ಲ. ಇದನ್ನು ಗಂಡನಿಗೂ ಹೇಳಿರಲಿಲ್ಲ. ನನ್ನ ಎದುರಿಗೇ ಡಾಕ್ಟರ್‌ಗೆ ಫೋನ್ ಮಾಡಿಸಿದೆ. ಜ್ವರ, ಮೈಕೈ ನೋವು ಏನೂ ಇಲ್ಲದಿದ್ದರೆ ಟೆಸ್ಟೂ ಬೇಡ, ಔಷಧಿಯೂ ಬೇಡ, ತಿಂದಾಗಿನಿಂದ ಸುಮಾರು ಎರಡು ತಿಂಗಳು ಗಮನ ಇರಲಿ, ಜ್ವರ ಬಂದರೆ ಕಾಯದೆ ಬನ್ನಿ, ಅಂತ ಅವರು ಹೇಳಿದರು. ಆ ಎರಡು ತಿಂಗಳು ಆಗಲೇ ಮುಗಿಯುತ್ತಾ ಬಂದಿತ್ತು. ಹತ್ತು ನಿಮಿಷದ ಒಂದು ಫೋನಿನಲ್ಲಿ ಮುಗಿಯಬಹುದಾಗಿದ್ದ ಭಯವನ್ನು ಆ ಹೆಣ್ಣುಮಗಳು ಅಷ್ಟು ವಾರ ಒಬ್ಬಳೇ ಹೊತ್ತಿದ್ದಳು. ಓದುತ್ತಿರುವ ಯಾರಿಗಾದರೂ ಇಂಥದ್ದೊಂದು ಗುಟ್ಟು ಇದ್ದರೆ, ದಯವಿಟ್ಟು ಇವತ್ತೇ ಡಾಕ್ಟರ್‌ಗೆ ಹೇಳಿ. ಅವರು ಬಯ್ಯುವುದಕ್ಕಲ್ಲ ಇರೋದು.

ಗಂಡನನ್ನು ಒಮ್ಮೆ ಕರೆಸಿದೆ. ಪಾಪ, ಅವರೂ ಸುಸ್ತಾಗಿದ್ದರು. ‘ದಿನಕ್ಕೆ ಇಪ್ಪತ್ತು ಸಲ ಏನೂ ಆಗಲ್ಲ ಕಣೆ ಅಂತ ಹೇಳ್ತೀನಿ ಮೇಡಂ, ಹತ್ತು ನಿಮಿಷ ಆದ್ಮೇಲೆ ಮತ್ತೆ ಕೇಳ್ತಾಳೆ.’ ತೊಂದರೆ ಅಲ್ಲೇ ಇತ್ತು. ‘ಏನೂ ಆಗಲ್ಲ’ ಅನ್ನೋ ಮಾತು ತುರಿಕೆ ಕೆರೆದ ಹಾಗೆ, ಆ ಕ್ಷಣಕ್ಕೆ ಹಾಯೆನಿಸುತ್ತೆ, ಕೆರೆದಷ್ಟೂ ಜಾಸ್ತಿಯಾಗುತ್ತೆ. ಇನ್ನೊಂದು ಕಡೆ ಅವರೇ ಎಷ್ಟೋ ಸಲ ಪೊಲೀಸ್ ಥರ ತಟ್ಟೆ ನೋಡಿ ‘ಇದು ತಿನ್ನಬಹುದಾ? ನೋಡ್ಕೊಂಡ್ಯಾ?’ ಅಂತಲೂ ಕೇಳುತ್ತಿದ್ದರು. ಎರಡನ್ನೂ ನಿಲ್ಲಿಸಿ ಅಂದೆ. ಅವರಿಬ್ಬರೇ ಕೂತು ಒಂದು ಉತ್ತರ ಆರಿಸಿಕೊಂಡರು: ‘ಇದು ಭಯ ಕೇಳ್ತಿರೋ ಪ್ರಶ್ನೆ ಅಲ್ವಾ? ಉತ್ತರ ಹೇಳಲ್ಲ, ನಿನ್ನ ಜೊತೆ ಕೂತ್ಕೋತೀನಿ.’ ಮೊದಲ ನಾಲ್ಕು ದಿನ ಮನೆಯಲ್ಲಿ ಜಗಳವೇ ಆಯಿತಂತೆ. ಹಾಗಾಗುತ್ತೆ ಅಂತ ಮೊದಲೇ ಹೇಳಿದ್ದೆ.

ಐದನೇ ಭೇಟಿಗೆ ಒಂದು ಸೇಬು ತರೋಕೆ ಹೇಳಿದ್ದೆ. ನಮ್ಮ ಸಿಂಕಿನಲ್ಲೇ ತೊಳೆದರು, ಒಂದೇ ಸಲ. ನಲ್ಲಿ ನಿಲ್ಲಿಸಿದ ಮೇಲೂ ಕೈ ನಲ್ಲಿಯ ಮೇಲೇ ಇತ್ತು. ಭಯ ಹತ್ತಕ್ಕೆ ಎಷ್ಟು ಅಂದೆ. ಒಂಬತ್ತು ಅಂದರು. ತೊಟ್ಟಿನ ಕಡೆ ಬಿಟ್ಟು, ತಿರುಗಿಸಿ ತಿರುಗಿಸಿ, ಸಿಪ್ಪೆ ಸಮೇತ ಒಂದು ಚೂರು ಕಚ್ಚಿದರು. ಅಗಿಯುತ್ತಾ ನನ್ನ ಮುಖ ನೋಡಿದರು, ನಾನು ‘ಏನೂ ಆಗಲ್ಲ’ ಅನ್ನಲಿಲ್ಲ. ಹತ್ತು ನಿಮಿಷಕ್ಕೆ ಏಳು, ಅರ್ಧ ಗಂಟೆಗೆ ನಾಲ್ಕು. ಭಯ ತಾನಾಗಿಯೇ ಇಳಿಯುತ್ತೆ ಅನ್ನೋದನ್ನ ಮೈ ಕಲಿಯಬೇಕು, ಮಾತಿನಲ್ಲಿ ಕಲಿಸೋಕಾಗಲ್ಲ. ಮನೆಯಲ್ಲಿ ವಾರಕ್ಕೆ ಎರಡು ಹೊಸ ಐಟಂ ಹೀಗೇ ಹಸಿರು ಪುಟಕ್ಕೆ ಬಂದವು.

ಎಲ್ಲರಿಗೂ ಇಷ್ಟರಲ್ಲೇ ಮುಗಿಯೋದಿಲ್ಲ. ಕೈ ತೊಳೆಯೋದು, ಪದೇಪದೇ ಚೆಕ್ ಮಾಡೋದು ದಿನದಲ್ಲಿ ಗಂಟೆಗಟ್ಟಲೆ ಆಗುತ್ತಿದ್ದರೆ, ನಿದ್ದೆ ಹೋಗಿದ್ದರೆ, ಬದುಕೇ ಬೇಡ ಅನಿಸುತ್ತಿದ್ದರೆ ಮನೋವೈದ್ಯರನ್ನು ನೋಡಬೇಕು. ಗರ್ಭಿಣಿಯರಿಗೆ ಕೊಡಬಹುದಾದ ಔಷಧಿಗಳು ಇವೆ. ಈಗಾಗಲೇ ತಗೊಳ್ಳುತ್ತಿದ್ದರೆ ಭಯಪಟ್ಟು ತಾವಾಗಿ ನಿಲ್ಲಿಸಬಾರದು. ವಾಂತಿಯಿಂದ ನೀರೂ ನಿಲ್ಲದಿದ್ದರೆ, ಮೂತ್ರ ತೀರಾ ಕಡಿಮೆಯಾದರೆ ಅದು ಆಪ್ತಸಲಹೆಯ ವಿಷಯವೇ ಅಲ್ಲ, ಆಸ್ಪತ್ರೆಗೆ ಹೋಗಬೇಕು.

22ನೇ ವಾರಕ್ಕೆ ಸುಧಾ ಕಳಕೊಂಡಿದ್ದ ತೂಕ ವಾಪಸ್ ಬಂದು ಮೇಲೆ ಒಂದು ಕಿಲೋ ಸೇರಿತ್ತು. ಮೊಟ್ಟೆಯನ್ನು ಈಗ ಹನ್ನೆರಡು ನಿಮಿಷ ಬೇಯಿಸುತ್ತಾರೆ. ಹೊರಗಿನ ಸಲಾಡ್ ಮಾತ್ರ ಇನ್ನೂ ಮುಟ್ಟಲ್ಲ, ನಾನೂ ಒತ್ತಾಯ ಮಾಡಲಿಲ್ಲ, ಯಾರು ಯಾವಾಗ ತೊಳೆದು ಹೆಚ್ಚಿಟ್ಟಿದ್ದೋ ಗೊತ್ತಿಲ್ಲದಾಗ ಅದನ್ನು ಬಿಡೋದಕ್ಕೆ ಕಾರಣ ಇದೆ. ಕೊನೆಯ ಎರಡು ಭೇಟಿಯಲ್ಲಿ ಊಟದ ಮಾತು ಹತ್ತು ನಿಮಿಷ ಬಂದಿದ್ದರೆ ಹೆಚ್ಚು. ಉಳಿದ ಹೊತ್ತೆಲ್ಲ, ಹೋದ ವರ್ಷ ಕಳಕೊಂಡ ಆ ಮಗುವಿನ ಬಗ್ಗೆ ಮಾತಾಡಿದರು.